ಹಾರುವ ದೋಣಿಗೆ ಬೆಂಗಾವಲು



ನೀವು ತಿಪಟೂರು, ತುರುವೇಕೆರೆ ಅಥವಾ ಚಿಕ್ಕನಾಯಕನಹಳ್ಳಿ ಸೀಮೆಯವರಾದರೆ ಕೆರೆಯನ್ನೂ ತೆಂಗಿನ ತೋಟವನ್ನೂ ನಿಮಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಸಾಲು ಸಾಲಾಗಿ ತೆಂಗು. ಬೇರೆ ಸೀಮೆಯವರು ತಮ್ಮೂರಿನ ದೊಡ್ಡ ಕೆರೆಯೊಂದನ್ನು ನೆನೆದುಕೊಳ್ಳಿ. ಈಗ ಹೀಗೆ ಕಲ್ಪಿಸಿಕೊಳ್ಳಿ. ಒಂದು ಬೆಳಿಗ್ಗೆ ಆಕಾಶದಲ್ಲಿ ಗುಡುಗುಡು ಸದ್ದಾಗುತ್ತದೆ. ಎರಡು ಎಂಜಿನ್ನುಗಳ ಭಾರಿ ವಿಮಾನವೊಂದು ತೋಟದ ತಲೆಯ ಮೇಲೆ ನಿಧಾನವಾಗಿ ಬಂದು ಕೆರೆಯ ನೀರಿನ ಮೇಲೆಯೇ ಇಳಿಯುತ್ತದೆ. ಮುಳುಗುವುದಿಲ್ಲ, ದೋಣಿಯಂತೆ ತೇಲುತ್ತದೆ!

ಇದು ಕಟ್ಟುಕಥೆಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥ ವಿಮಾನಗಳು ನಮ್ಮ ರಾಜ್ಯದ ಒಂದು ಕೆರೆಯ ಮೇಲೆ ಇಳಿದವು. ಅದು ಬೆಂಗಳೂರಿನ ಬೆಳ್ಳಂದೂರು ಕೆರೆ. ಚಿಕ್ಕನಾಯಕನಹಳ್ಳಿಯಿಂದ ನೇರ ರೇಖೆಯಲ್ಲಿ ಅಳೆದರೆ ಸುಮಾರು 125 ಕಿಲೋಮೀಟರ್ ದೂರ. ಆ ವಿಮಾನದ ಹೆಸರು ಕ್ಯಾಟಲಿನಾ. ಅದೇ ಜಾತಿಯ ವಿಮಾನಗಳು ಆಗ ಪೆಸಿಫಿಕ್ ಸಾಗರದ ತೆಂಗಿನ ದ್ವೀಪಗಳ ನಡುವೆ, ನೀರಿಗೆ ಬಿದ್ದ ಸೈನಿಕರನ್ನು ಹುಡುಕಿ ತರುತ್ತಿದ್ದವು. ಅವುಗಳನ್ನು ಕಾಯಲು ಮೇಲೆ ವೇಗದ ಫೈಟರ್ ವಿಮಾನಗಳು ಹಾರುತ್ತಿದ್ದವು.

ಈ ಕಾಯುವಿಕೆಗೆ ಕನ್ನಡದಲ್ಲಿ ಸೊಗಸಾದ ಮಾತಿದೆ: ಬೆಂಗಾವಲು. ಬೆನ್ನಿನ ಕಾವಲು ಎಂದು ಅರ್ಥ. ಕಕಾರ ಗಕಾರವಾದದ್ದನ್ನು ವ್ಯಾಕರಣದ ತರಗತಿಯಲ್ಲಿ ನೀವು ಆದೇಶವೆಂದು ಕಲಿತಿದ್ದೀರಿ. ವೇಗದ ವಿಮಾನ ನಿಧಾನದ ವಿಮಾನದ ಬೆನ್ನು ಕಾಯುವುದು ಹೇಗೆ? ಜೊತೆಗೆ ಯಾವ ಫೈಟರೂ ಬರಲಾರದಷ್ಟು ದೂರದ ಸಾಗರದಲ್ಲಿ ಅದರ ಬೆನ್ನು ಕಾದವರು ಯಾರು? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಡೋಣ.

ದೋಣಿಯೂ ಹೌದು, ವಿಮಾನವೂ ಹೌದು

ನೀರಿನ ಮೇಲೆ ಇಳಿಯುವ ವಿಮಾನಗಳಲ್ಲಿ ಎರಡು ಬಗೆ. ಸಾಮಾನ್ಯ ವಿಮಾನದ ಚಕ್ರ ತೆಗೆದು ಅಲ್ಲಿ ಉದ್ದನೆಯ ತೇಲುಬುರುಡೆಗಳನ್ನು ಕಟ್ಟುವುದು ಒಂದು ಬಗೆ. ವಿಮಾನದ ಒಡಲನ್ನೇ ದೋಣಿಯ ಆಕಾರದಲ್ಲಿ ಮಾಡುವುದು ಇನ್ನೊಂದು. ಎರಡನೆಯದೇ ಹಾರುವ ದೋಣಿ. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ತಯಾರಿಸಿದ ಕ್ಯಾಟಲಿನಾ ಮೊದಲ ಬಾರಿ ಹಾರಿದ್ದು 1935ರ ಮಾರ್ಚ್ 28ರಂದು. ಅಮೆರಿಕದ ನೌಕಾಪಡೆ ಇದನ್ನು ಪಿಬಿವೈ ಎಂದು ಕರೆಯುತ್ತಿತ್ತು. ಪಿ ಎಂದರೆ ಪೆಟ್ರೋಲ್, ಅಂದರೆ ಕಾವಲು ತಿರುಗಾಟ. ಬಿ ಎಂದರೆ ಬಾಂಬರ್. ವೈ ಎಂಬುದು ಕನ್ಸಾಲಿಡೇಟೆಡ್ ಕಂಪನಿಗೆ ಕೊಟ್ಟಿದ್ದ ಗುರುತಿನ ಅಕ್ಷರ. ಕ್ಯಾಟಲಿನಾ ಎಂಬ ಹೆಸರು ಕ್ಯಾಲಿಫೋರ್ನಿಯಾ ತೀರದ ಒಂದು ದ್ವೀಪದ್ದು.

ಅದರ ಅಳತೆ ನೋಡಿ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 104 ಅಡಿ. ಮೂತಿಯಿಂದ ಬಾಲಕ್ಕೆ ಸುಮಾರು 64 ಅಡಿ. ತಲಾ 1,200 ಅಶ್ವಶಕ್ತಿಯ ಎರಡು ಎಂಜಿನ್ನುಗಳು. ಪೂರ್ತಿ ತುಂಬಿದಾಗ ತೂಕ ಸುಮಾರು 16 ಟನ್ನು. ಒಮ್ಮೆ ಇಂಧನ ತುಂಬಿದರೆ ಸುಮಾರು 4,000 ಕಿಲೋಮೀಟರ್ ಹೋಗಬಲ್ಲದು. ಆದರೆ ವೇಗ? ದೂರದ ಪಯಣದಲ್ಲಿ ಗಂಟೆಗೆ 185 ಕಿಲೋಮೀಟರಿನ ಆಸುಪಾಸು. ಆ ಕಾಲದ ಫೈಟರ್‌ಗಳು ಗಂಟೆಗೆ 600 ಕಿಲೋಮೀಟರ್ ಮುಟ್ಟುತ್ತಿದ್ದವು. ಆಕಾಶದಲ್ಲಿ ಕ್ಯಾಟಲಿನಾ ಒಂದು ಎತ್ತಿನ ಗಾಡಿ ಎನ್ನಬಹುದು.

ಇಷ್ಟು ತೂಕದ ದೋಣಿ ನೀರು ಬಿಟ್ಟು ಮೇಲೇಳುವುದು ಹೇಗೆ? ಕೆರೆಯ ದಡದಲ್ಲಿ ನಿಂತು ಚಪ್ಪಟೆ ಬಿಲ್ಲೆಕಲ್ಲನ್ನು ಓರೆಯಾಗಿ ಬೀಸಿ ಎಸೆದಿದ್ದೀರಲ್ಲವೇ? ವೇಗವಿರುವ ತನಕ ಅದು ನೀರಿನ ಮೇಲೆ ಕುಪ್ಪಳಿಸುತ್ತದೆ. ವೇಗ ಕಳೆದೊಡನೆ ಮುಳುಗುತ್ತದೆ. ಹಾರುವ ದೋಣಿಯೂ ಮೊದಲು ನೀರನ್ನು ಸೀಳುತ್ತಾ ಓಡುತ್ತದೆ. ವೇಗ ಹೆಚ್ಚಿದಂತೆ ಅದರ ಅಡಿ ನೀರಿನ ಮೇಲ್ಮೈಗೆ ಏರಿ ಜಾರತೊಡಗುತ್ತದೆ. ಆದರೆ ನುಣುಪಾದ ಅಡಿಗೆ ನೀರು ಅಂಟಿಕೊಂಡು ಹಿಂದಕ್ಕೆ ಎಳೆಯುತ್ತದೆ. ಅದಕ್ಕಾಗಿ ದೋಣಿಯ ಅಡಿಯಲ್ಲಿ, ನಡುಭಾಗದ ಹತ್ತಿರ, ಅಡ್ಡಲಾಗಿ ಒಂದು ಮೆಟ್ಟಿಲು ಕೊರೆದಿರುತ್ತಾರೆ. ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿ ನೀರಿನ ಹಿಡಿತ ಬಿಡಿಸುತ್ತದೆ. ಆಗ ವಿಮಾನ ಮೇಲೇಳುತ್ತದೆ.

ಇದಕ್ಕೆ ಎದುರುಗಾಳಿ ಬಹಳ ಸಹಾಯಕ. ರೆಕ್ಕೆಗೆ ಬೇಕಾದದ್ದು ಗಾಳಿಯ ವೇಗ. ಆ ವೇಗದ ಒಂದಿಷ್ಟನ್ನು ಎದುರುಗಾಳಿ ಕೊಟ್ಟರೆ ಉಳಿದದ್ದನ್ನು ಎಂಜಿನ್ ಕೊಟ್ಟರೆ ಸಾಕು. ಗಾಳಿ ಸತ್ತ ದಿನ ಪೂರ್ತಿ ಭಾರ ಎಂಜಿನ್ನಿನದೇ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೊಬ್ಬರಿಯ ದ್ವೀಪಗಳಲ್ಲಿ ಯುದ್ಧ

ಭೂಪಟದಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕೂ ಈಶಾನ್ಯಕ್ಕೂ ಕಣ್ಣಾಡಿಸಿ. ನ್ಯೂಗಿನಿ, ನ್ಯೂಬ್ರಿಟನ್, ನ್ಯೂ ಐರ್ಲೆಂಡ್, ಸಾಲೊಮನ್ ದ್ವೀಪಗಳು ಸಿಗುತ್ತವೆ. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಮೇಲೆ ಈ ದ್ವೀಪಗಳು ರಣರಂಗವಾದವು. ಅಲ್ಲಿನ ಕರಾವಳಿಯ ಮುಖ್ಯ ಬೆಳೆ ತೆಂಗು, ಮುಖ್ಯ ಸರಕು ಕೊಬ್ಬರಿ. ನಮ್ಮ ಕಡೆ ಇಡೀ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತೇವೆ. ಅಲ್ಲಿ ಕಾಯಿ ಒಡೆದು ತಿರುಳನ್ನು ಒಣಗಿಸಿ, ಎಣ್ಣೆಗೆ ಮತ್ತು ಸಾಬೂನಿಗೆ ಹಡಗು ಹತ್ತಿಸುತ್ತಿದ್ದರು.

ಯುದ್ಧ ಬಂದಾಗ ತೋಟಗಳೇ ಕೋಟೆಗಳಾದವು. ತೆಂಗಿನ ಮರದ ಕಾಂಡ ನಾರಿನದು. ಗುಂಡು ಬಿದ್ದರೆ ಚೂರುಚೂರಾಗಿ ಸಿಡಿಯದೆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಜಪಾನಿ ಸೈನಿಕರು ತೆಂಗಿನ ದಿಮ್ಮಿಗಳನ್ನು ಅಡುಕಿ, ಮೇಲೆ ಮರಳು ಸುರಿದು ಅಡಗುಗೂಡುಗಳನ್ನು ಕಟ್ಟಿದರು. 1942ರ ಕೊನೆಯಲ್ಲಿ ಸಾಲೊಮನ್ ದ್ವೀಪಗಳ ಮುಂಡಾ ಎಂಬಲ್ಲಿ ಅವರು ಇನ್ನೂ ಒಂದು ಉಪಾಯ ಮಾಡಿದರು. ತೋಟದ ಕೆಳಗೆಯೇ ವಿಮಾನದ ಓಡುದಾರಿ ಕಟ್ಟುವಾಗ, ಕಡಿದ ಮರಗಳ ತಲೆಗಳನ್ನು ಮಾತ್ರ ತಂತಿಗಳಿಂದ ಮೇಲೆಯೇ ತೂಗುಹಾಕಿದರು. ಆಕಾಶದಿಂದ ನೋಡಿದವರಿಗೆ ತೋಟ ತೋಟವಾಗಿಯೇ ಕಾಣಬೇಕು ಎಂದು. ಆದರೂ ಅಮೆರಿಕದವರು ತೆಗೆದ ಛಾಯಾಚಿತ್ರಗಳಲ್ಲಿ ಗುಟ್ಟು ಬಯಲಾಯಿತು.

ಓಡುದಾರಿಗೆ ಇಷ್ಟೇಕೆ ಪಾಡು? ಫೈಟರ್ ವಿಮಾನ ವೇಗದ್ದು, ಆದರೆ ಅದರ ಹೊಟ್ಟೆ ಚಿಕ್ಕದು. ಕೆಲವು ನೂರು ಕಿಲೋಮೀಟರ್ ಹೋಗಿ ಕಾದಾಡಿ ಹಿಂದಿರುಗಬೇಕು. ಯಾರ ಕೈಯಲ್ಲಿ ಹೆಚ್ಚು ದ್ವೀಪಗಳ ಓಡುದಾರಿಗಳಿವೆಯೋ ಅವರ ಕೈಯಲ್ಲಿ ಅಲ್ಲಿನ ಆಕಾಶ. ದ್ವೀಪದಿಂದ ದ್ವೀಪಕ್ಕೆ ಹೀಗೆ ಓಡುದಾರಿಗಳು ಮುಂದುವರಿದಂತೆ ಹಾರುವ ದೋಣಿಗೂ ಬೆಂಗಾವಲು ಸಿಗುವಂತಾಯಿತು.

ಸಮುದ್ರಕ್ಕೆ ಬಿದ್ದ ವೈಮಾನಿಕರನ್ನು ಎತ್ತಿ ತರುವ ವಿಮಾನಗಳಿಗೆ ಅಮೆರಿಕದವರು ಇಟ್ಟ ಹೆಸರು ‘ಡಂಬೋ’. 1941ರಲ್ಲಿ ಬಂದ ಡಿಸ್ನಿ ಚಲನಚಿತ್ರದ ಹಾರುವ ಆನೆಮರಿಯ ಹೆಸರು ಅದು. ಕ್ಯಾಟಲಿನಾದ ಗಾತ್ರಕ್ಕೂ ನಡಿಗೆಗೂ ಒಪ್ಪುವ ಹೆಸರು.

ಗಾಡಿಗೆ ಬೈಕಿನ ಕಾವಲು

ಕೊಬ್ಬರಿ ಮೂಟೆ ಹೇರಿದ ಎತ್ತಿನ ಗಾಡಿ ಸಂತೆಗೆ ಹೊರಟಿದೆ ಎನ್ನಿ. ಮೋಟಾರ್ ಬೈಕಿನಲ್ಲಿ ನೀವು ಅದಕ್ಕೆ ಕಾವಲು ಹೋಗಬೇಕು. ಗಾಡಿಯ ಪಕ್ಕದಲ್ಲೇ ಅದರ ವೇಗಕ್ಕೆ ಹೋಗಲು ನೋಡಿದರೆ ಬೈಕು ನಿಂತು ಹೋಗುತ್ತದೆ ಅಥವಾ ಓಲಾಡುತ್ತದೆ. ಮುಂದೆ ಹೋಗಿ ಬಿಟ್ಟರೆ ಗಾಡಿ ಒಂಟಿಯಾಗುತ್ತದೆ. ನೀವು ಏನು ಮಾಡುತ್ತೀರಿ? ಮುಂದೆ ಹೋಗಿ, ತಿರುಗಿ, ಹಿಂದೆ ಬಂದು, ಸುತ್ತು ಹಾಕುತ್ತೀರಿ.

ಫೈಟರ್ ಚಾಲಕರು ಮಾಡಿದ್ದೂ ಇದನ್ನೇ. ವಿಮಾನ ಒಂದು ಕನಿಷ್ಠ ವೇಗಕ್ಕಿಂತ ಕೆಳಗೆ ಬಂದರೆ ರೆಕ್ಕೆಗಳು ಅದನ್ನು ಹೊರಲಾರವು. ಕ್ಯಾಟಲಿನಾ ಆರಾಮವಾಗಿ ಹಾರುವ ವೇಗ ಭಾರಿ ಫೈಟರ್‌ಗಳಿಗೆ ಬೀಳುವ ವೇಗದ ಹತ್ತಿರ. ಆದ್ದರಿಂದ ಅವು ದೋಣಿಯ ಮೇಲ್ಗಡೆ ಎಡಕ್ಕೂ ಬಲಕ್ಕೂ ಹಾವಿನ ಜಾಡಿನಂತೆ ಬಳುಕುತ್ತಾ ಹಾರುತ್ತಿದ್ದವು. ಸಾಮಾನ್ಯವಾಗಿ ನಾಲ್ಕು ವಿಮಾನಗಳ ಒಂದು ತಂಡ. ಅದರಲ್ಲಿ ಎರಡೆರಡರ ಜೋಡಿ. ಒಂದು ಜೋಡಿ ಎಡಕ್ಕೆ ಹೊರಳಿದಾಗ ಇನ್ನೊಂದು ಬಲಕ್ಕೆ ಹೊರಳಿದರೆ, ಒಬ್ಬರ ಬೆನ್ನು ಇನ್ನೊಬ್ಬರ ಕಣ್ಣಿನ ಅಳತೆಯಲ್ಲಿ ಇರುತ್ತದೆ. ಎತ್ತರದಲ್ಲಿ ಇರುವುದಕ್ಕೂ ಕಾರಣವಿದೆ. ಎತ್ತರವೆಂದರೆ ಕೂಡಿಟ್ಟ ವೇಗ. ಶತ್ರು ಕಂಡೊಡನೆ ಕೆಳಕ್ಕೆ ಎರಗಿ ಆ ಎತ್ತರವನ್ನು ವೇಗವಾಗಿ ಬದಲಿಸಿಕೊಳ್ಳಬಹುದು.

ಈಗ ಒಂದು ಲೆಕ್ಕ. ದೋಣಿ 370 ಕಿಲೋಮೀಟರ್ ಹೋಗಬೇಕು. ಗಂಟೆಗೆ 185ರಂತೆ ಎರಡು ಗಂಟೆ. ಅದನ್ನು ಕಾಯುವ ಫೈಟರ್ ಮಿತವ್ಯಯದ ವೇಗದಲ್ಲಿ, ಗಂಟೆಗೆ 320ರಂತೆ ಹಾರಿದರೂ ಆ ಎರಡು ಗಂಟೆಯಲ್ಲಿ ಸುತ್ತಿ ಸುತ್ತಿ 640 ಕಿಲೋಮೀಟರ್ ಹಾರಿರುತ್ತದೆ. ಅಂದರೆ 270 ಕಿಲೋಮೀಟರಿನ ಇಂಧನ ಬರೀ ಜೊತೆಗಿರುವುದಕ್ಕೆ ಖರ್ಚು. ಇನ್ನು ಹಿಂದಿರುಗುವ ದಾರಿ ಬಾಕಿ ಇದೆ. ರಬ್ಬರ್ ತೆಪ್ಪ ಹುಡುಕುವ ಹೊತ್ತು ಬೇರೆ. ಆದ್ದರಿಂದ ಫೈಟರ್‌ಗಳು ಹೊಟ್ಟೆಯ ಕೆಳಗೆ ಕಳಚಿ ಬಿಸಾಡುವ ಹೆಚ್ಚುವರಿ ಟ್ಯಾಂಕುಗಳನ್ನು ಕಟ್ಟಿಕೊಂಡು ಹೊರಡುತ್ತಿದ್ದವು. ವೇಗದವನಿಗೆ ನಿಧಾನದವನ ಜೊತೆ ಹೋಗುವುದು ಪುಕ್ಕಟೆಯ ಕೆಲಸವಲ್ಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಅತಿ ಅಪಾಯದ ಹೊತ್ತು ಯಾವುದು? ದೋಣಿ ನೀರಿನ ಮೇಲಿರುವ ಹೊತ್ತು. ಆಗ ಅದು ಹೊರಳಲಾರದು, ಓಡಲಾರದು. ಒಬ್ಬೊಬ್ಬರನ್ನೇ ಎಳೆದು ಒಳಗೆ ಹಾಕಿಕೊಳ್ಳುವ ತನಕ ಅಲ್ಲೇ ತೇಲುತ್ತಿರಬೇಕು. ಆ ಹೊತ್ತಿನಲ್ಲಿ ಬೆಂಗಾವಲಿನ ವಿಮಾನಗಳು ಮೇಲೆ ಸುತ್ತುತ್ತಾ ಶತ್ರು ವಿಮಾನಗಳ ದಾರಿ ಕಾಯುತ್ತಿದ್ದವು. ಬೇಕಾದರೆ ಕೆಳಗಿಳಿದು ದಡದ ಫಿರಂಗಿಗಳ ಮೇಲೆ ಗುಂಡು ಸುರಿಸುತ್ತಿದ್ದವು.

ಕವಿಯೆಂಗ್ ಬಂದರಿನ ಒಂದು ದಿನ

1944ರ ಫೆಬ್ರುವರಿ 15. ನ್ಯೂ ಐರ್ಲೆಂಡ್ ದ್ವೀಪದ ಕವಿಯೆಂಗ್ ಆಗ ಜಪಾನಿನ ಭದ್ರ ನೆಲೆ. ಅಂದು ಅಮೆರಿಕದ ಬಾಂಬರ್‌ಗಳು ಅದರ ಮೇಲೆ ದಾಳಿ ಮಾಡಿದವು. ತೀರಾ ತಗ್ಗಿನಲ್ಲಿ ಹಾರುತ್ತಿದ್ದ ಹಲವು ವಿಮಾನಗಳು ಗುಂಡೇಟು ತಿಂದು ಬಂದರಿನ ನೀರಿಗೇ ಬಿದ್ದವು. ಬದುಕುಳಿದವರು ರಬ್ಬರ್ ತೆಪ್ಪ ಹಿಡಿದು ತೇಲುತ್ತಿದ್ದರು. ದಡ ಶತ್ರುವಿನದು.

ಹತ್ತಿರದಲ್ಲಿ ಕಾಯುತ್ತಿದ್ದ ಕ್ಯಾಟಲಿನಾದ ಚಾಲಕ ಅಮೆರಿಕದ ನೌಕಾಪಡೆಯ ಲೆಫ್ಟಿನೆಂಟ್ ನೇಥನ್ ಗಾರ್ಡನ್. ಆತನ ವಿಮಾನದ ಹೆಸರು ‘ಅರ್ಕಾನ್ಸಾ ಟ್ರಾವೆಲರ್’. ಅರ್ಕಾನ್ಸಾ ಆತನ ಸ್ವಂತ ಪ್ರಾಂತ್ಯ. ಬೆಂಗಾವಲಿಗೆ ಪಿ-47 ಥಂಡರ್‌ಬೋಲ್ಟ್ ಫೈಟರ್‌ಗಳಿದ್ದವು. ಕರೆ ಬಂದೊಡನೆ ಗಾರ್ಡನ್ ಬಂದರಿನೊಳಕ್ಕೆ ದೋಣಿಯನ್ನು ತಂದರು. ದಡದಿಂದ ಗುಂಡು ಹಾರುತ್ತಿದ್ದಾಗಲೇ ಮೂರು ಸಲ ನೀರಿಗಿಳಿದು ಒಂಬತ್ತು ಮಂದಿಯನ್ನು ಎತ್ತಿಕೊಂಡರು. ಅವರಲ್ಲಿ ಹಲವರು ಗಾಯಾಳುಗಳು.

ಅಂದು ಸಮುದ್ರ ಹೇಗಿತ್ತು ಗೊತ್ತೇ? ಅಲೆಗಳ ಉಬ್ಬರ ಜೋರು. ಗಾಳಿ ಮಾತ್ರ ಇಲ್ಲವೇ ಇಲ್ಲ. ಹಿಂದೆ ಹೇಳಿದ ಮಾತು ನೆನಪಿಸಿಕೊಳ್ಳಿ. ಎದುರುಗಾಳಿಯ ಸಹಾಯವಿಲ್ಲ, ಭಾರ ಹೆಚ್ಚು, ಅಲೆಗಳು ಅಡಿಗೆ ಬಡಿಯುತ್ತಿವೆ. ಇಳಿಯುವಾಗಲೂ ಸಾಮಾನ್ಯವಾಗಿ ಜಾರಿಸಿಕೊಂಡು ಇಳಿಯುವಂತಿಲ್ಲ. ಮೂತಿ ಎತ್ತಿ, ನೀರಿಗೆ ಸ್ವಲ್ಪ ಮೇಲೆಯೇ ವೇಗವನ್ನೆಲ್ಲ ಕಳೆದು, ಧಪ್ಪೆಂದು ಬೀಳಿಸಬೇಕು. ಹಾಗೆ ಬಿದ್ದಾಗ ಒಡಲಿನ ತಗಡು ನಲುಗುತ್ತದೆ, ಜೋಡಣೆಯ ರಿವೆಟ್ಟುಗಳು ಕಿತ್ತು ಹಾರುತ್ತವೆ, ತೂತುಗಳಿಂದ ನೀರು ಒಳಗೆ ಚಿಮ್ಮುತ್ತದೆ. ಕ್ಯಾಟಲಿನಾದ ಸಿಬ್ಬಂದಿ ಇಂಥ ತೂತುಗಳಿಗೆ ಪೆನ್ಸಿಲ್ ತುರುಕುತ್ತಿದ್ದರು!

ಒಂಬತ್ತು ಮಂದಿಯೊಡನೆ ಗಾರ್ಡನ್ ನೆಲೆಯ ಕಡೆ ತಿರುಗಿದರು. ಆಗ ಇನ್ನೊಂದು ಸುದ್ದಿ ಬಂತು: ದಡದಿಂದ ಬರೀ 600 ಗಜ ದೂರದಲ್ಲಿ ಇನ್ನೊಂದು ತೆಪ್ಪವಿದೆ. ಮನೆಗೆ ಹೊರಟ ದೋಣಿ ಮತ್ತೆ ಬೆಂಕಿಯ ಬಾಯಿಗೆ ತಿರುಗಿತು. ನಾಲ್ಕನೆಯ ಸಲ ಇಳಿದು ಆರು ಮಂದಿಯನ್ನು ಎತ್ತಿಕೊಂಡು ಮೇಲೆದ್ದಿತು. ಒಟ್ಟು ಹದಿನೈದು ಜೀವ. ಒಬ್ಬೊಬ್ಬರ ತೂಕ 70 ಕಿಲೋ ಎಂದರೂ ಹೆಚ್ಚಿನ ಭಾರ ಒಂದು ಟನ್ನಿಗೂ ಮೇಲೆ. ಗಾರ್ಡನ್ ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಬಂತು. ಯುದ್ಧ ಮುಗಿದ ಮೇಲೆ ಅವರು ತಮ್ಮ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆಗಿ ಇಪ್ಪತ್ತು ವರ್ಷ ಕೆಲಸ ಮಾಡಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಆಕಾಶದಲ್ಲಿ ಅತಿ ವೇಗದ, ಅತಿ ಬಲದ ಯಂತ್ರಗಳಿದ್ದವು. ಆದರೆ ಅವುಗಳಲ್ಲಿ ಒಂದಕ್ಕೂ ನೀರಿನಲ್ಲಿದ್ದ ಒಬ್ಬನನ್ನು ಎತ್ತಿಕೊಳ್ಳುವ ಶಕ್ತಿ ಇರಲಿಲ್ಲ. ಆ ಕೆಲಸ ಆಗುತ್ತಿದ್ದದ್ದು ಎಲ್ಲಕ್ಕಿಂತ ನಿಧಾನದ ದೋಣಿಯಿಂದ ಮಾತ್ರ. ಆದ್ದರಿಂದಲೇ ವೇಗದವು ಅದನ್ನು ಕಾಯುತ್ತಿದ್ದವು. ಆದರೆ ಬೆಂಗಾವಲು ಅಲೆಯನ್ನು ತಗ್ಗಿಸಲಾರದು, ಕಿತ್ತ ರಿವೆಟ್ಟನ್ನು ಮತ್ತೆ ಕೂರಿಸಲಾರದು. ಅಲ್ಲಿ ದೋಣಿಯನ್ನು ಕಾದದ್ದು ಅದರ ಒಡಲಿನ ಗಟ್ಟಿತನ ಒಂದೇ.

1945ರ ಆಗಸ್ಟ್ 2ರಂದು ಇದು ಇನ್ನೂ ಸ್ಪಷ್ಟವಾಯಿತು. ಅಮೆರಿಕದ ‘ಇಂಡಿಯಾನಾಪೊಲಿಸ್’ ಯುದ್ಧನೌಕೆ ಜುಲೈ 30ರಂದು ಜಲಾಂತರ್ಗಾಮಿಯ ಏಟಿಗೆ ಮುಳುಗಿ, ನೂರಾರು ಮಂದಿ ಮೂರು ದಿನಕ್ಕೂ ಹೆಚ್ಚು ಕಾಲ ತೆರೆದ ಸಾಗರದಲ್ಲಿ ಶಾರ್ಕ್ ಮೀನುಗಳ ನಡುವೆ ತೇಲುತ್ತಿದ್ದರು. ಏಡ್ರಿಯನ್ ಮಾರ್ಕ್ಸ್ ಎಂಬ ಚಾಲಕ ತಮ್ಮ ಕ್ಯಾಟಲಿನಾವನ್ನು ಅಲ್ಲಿ ಇಳಿಸಿದರು. ತೆರೆದ ಸಾಗರದಲ್ಲಿ ಇಳಿಯಬಾರದೆಂದು ಅಪ್ಪಣೆಯಿತ್ತು, ಆದರೂ ಇಳಿಸಿದರು. ಒಳಗೆ ಜಾಗ ಮುಗಿದ ಮೇಲೆ ರೆಕ್ಕೆಗಳ ಮೇಲೆ ಜನರನ್ನು ಮಲಗಿಸಿ ಪ್ಯಾರಾಚೂಟಿನ ಹಗ್ಗಗಳಿಂದ ಕಟ್ಟಿದರು. ಹೀಗೆ 56 ಮಂದಿಯನ್ನು ಉಳಿಸಿದರು. ಆ ಭಾರಕ್ಕೂ ಪೆಟ್ಟಿಗೂ ವಿಮಾನ ಮತ್ತೆ ಹಾರಲಿಲ್ಲ. ಹಡಗುಗಳು ಬರುವ ತನಕ ದೋಣಿಯಾಗಿಯೇ ರಾತ್ರಿ ಕಳೆಯಿತು.

ಜೊತೆಗಾರರಿಲ್ಲದ ಸಾಗರ

ಈಗ ಭೂಪಟದಲ್ಲಿ ಪಶ್ಚಿಮಕ್ಕೆ, ನಮ್ಮ ಹಿಂದೂ ಮಹಾಸಾಗರಕ್ಕೆ ಬನ್ನಿ. ಪೆಸಿಫಿಕ್ಕಿನ ಆ ಮೂಲೆಯಲ್ಲಿ ದ್ವೀಪಗಳ ಸರಪಳಿಯಿದೆ. ಆದರೆ ಶ್ರೀಲಂಕಾದಿಂದ ಆಸ್ಟ್ರೇಲಿಯಾದ ತನಕ ಬೆರಳಾಡಿಸಿದರೆ ಹೆಚ್ಚು ಕಡಿಮೆ ಬರೀ ನೀರು. ಓಡುದಾರಿ ಇಲ್ಲದಲ್ಲಿ ಫೈಟರ್ ಇಲ್ಲ. ಫೈಟರ್ ಇಲ್ಲದಲ್ಲಿ ಬೆಂಗಾವಲಿಲ್ಲ.

1942ರ ಏಪ್ರಿಲ್ 4ರ ಸಂಜೆ. ಕೆನಡಾದ ವಾಯುಪಡೆಯ ಲಿಯೊನಾರ್ಡ್ ಬರ್ಚಲ್ ಅವರ ಕ್ಯಾಟಲಿನಾ ಸಿಲೋನಿನ ಆಗ್ನೇಯಕ್ಕೆ ಒಂಟಿಯಾಗಿ ಕಾವಲು ತಿರುಗುತ್ತಿತ್ತು. ಆಗ ಜಪಾನಿನ ವಿಮಾನವಾಹಕ ನೌಕೆಗಳ ದೊಡ್ಡ ದಂಡು ಕಣ್ಣಿಗೆ ಬಿತ್ತು. ಅವರು ರೇಡಿಯೋದಲ್ಲಿ ಸುದ್ದಿ ಕಳಿಸುತ್ತಿರುವಾಗಲೇ ಜಪಾನಿನ ಜೀರೋ ಫೈಟರ್‌ಗಳು ಮೇಲೆ ಬಿದ್ದು ವಿಮಾನವನ್ನು ಕೆಡವಿದವು. ಒಂಬತ್ತು ಮಂದಿಯಲ್ಲಿ ಮೂವರು ಸತ್ತರು. ಬರ್ಚಲ್ ಸೇರಿ ಆರು ಮಂದಿ ಸೆರೆಯಾದರು. ಸುದ್ದಿ ಮಾತ್ರ ಕೊಲಂಬೋ ಮುಟ್ಟಿತ್ತು. ಮರುದಿನ ಬೆಳಿಗ್ಗೆ ದಾಳಿಯಾದಾಗ ಆ ಊರು ಪೂರ್ತಿ ಮೈಮರೆತಿರಲಿಲ್ಲ. ಏಪ್ರಿಲ್ 6ರಂದು ನಮ್ಮ ನೆರೆಯ ಆಂಧ್ರದ ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಬಿತ್ತು. ಯುದ್ಧ ನಮ್ಮ ಬಾಗಿಲಿಗೆ ಬಂದಿತ್ತು.

ಇನ್ನೊಂದು ಸಾಹಸ ನೋಡಿ. ಸಿಂಗಪುರ ಜಪಾನಿನ ವಶವಾದ ಮೇಲೆ ಆಸ್ಟ್ರೇಲಿಯಾಕ್ಕೂ ಇಂಗ್ಲೆಂಡಿಗೂ ವಿಮಾನದ ದಾರಿ ಕಡಿದುಹೋಗಿತ್ತು. 1943ರಿಂದ 1945ರ ತನಕ ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆ ಪರ್ತ್ ನಗರದಿಂದ ಸಿಲೋನಿನ ಕೊಗ್ಗಲದ ಸರೋವರಕ್ಕೆ ಕ್ಯಾಟಲಿನಾಗಳನ್ನು ಹಾರಿಸಿತು. ದೂರ 5,600 ಕಿಲೋಮೀಟರಿಗೂ ಹೆಚ್ಚು. ಹೊತ್ತು 27ರಿಂದ 33 ಗಂಟೆ. ಅಷ್ಟು ದೂರಕ್ಕೆ ಇಂಧನ ಹೊತ್ತರೆ ಮೂವರು ಪ್ರಯಾಣಿಕರಿಗೆ ಮಾತ್ರ ಜಾಗ. ದಾರಿಯಲ್ಲಿ ಎರಡು ಸಲ ಸೂರ್ಯೋದಯ ಕಾಣುತ್ತಿದ್ದುದರಿಂದ ಇದಕ್ಕೆ ‘ಜೋಡಿ ಸೂರ್ಯೋದಯ’ದ ಪಯಣವೆಂದು ಹೆಸರು ಬಂತು. ರೇಡಿಯೋ ಮೌನ, ನಕ್ಷತ್ರ ನೋಡಿ ದಾರಿ. ಜಪಾನಿ ವಿಮಾನಗಳು ತಿರುಗಾಡುವ ಭಾಗವನ್ನು ಕತ್ತಲಲ್ಲಿ ದಾಟಬೇಕು. ಹೀಗೆ 271 ಸಲ ದಾಟಿದರೂ ಒಂದು ವಿಮಾನವೂ ಶತ್ರುವಿನ ಕೈಗೆ ಸಿಗಲಿಲ್ಲ, ಸಮುದ್ರದ ಪಾಲಾಗಲಿಲ್ಲ.

ಇವುಗಳಿಗೆ ಬೆಂಗಾವಲು ಯಾರು? ಕತ್ತಲೆ ಒಂದು, ಮೌನ ಇನ್ನೊಂದು. ಮೂರನೆಯದು ನಿಲ್ಲದೆ ತಿರುಗುವ ಎರಡು ಎಂಜಿನ್ನುಗಳು. ನಡುಸಾಗರದಲ್ಲಿ ಒಂದು ನಟ್ಟು ಸಡಿಲವಾದರೆ ಹತ್ತು ಫೈಟರ್‌ಗಳು ಜೊತೆಗಿದ್ದರೂ ಪ್ರಯೋಜನವಿಲ್ಲ. ಹಾಗಾದರೆ ಅಂಥ ವಿಮಾನದ ನಿಜವಾದ ಬೆಂಗಾವಲು, ಅದನ್ನು ಬಿಚ್ಚಿ ನೋಡಿ ಸರಿ ಮಾಡಿ ಕಳಿಸಿದ ಕೈಗಳು. ಕ್ಯಾಟಲಿನಾಗಳ ಮಟ್ಟಿಗೆ ಅಂಥ ಕೈಗಳಲ್ಲಿ ನಮ್ಮ ಬೆಂಗಳೂರಿನವೂ ಇದ್ದವು.

ಬೆಳ್ಳಂದೂರು ಕೆರೆಗೆ ಬಂದ ದೋಣಿ

1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಕನಸಿಗೆ ಮೈಸೂರು ಸರ್ಕಾರ ಜಮೀನನ್ನೂ ಬಂಡವಾಳವನ್ನೂ ಕೊಟ್ಟಿತು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಅಮೆರಿಕದ ವಿಲಿಯಂ ಪಾಲಿ ಯಂತ್ರಗಳನ್ನೂ ತಂತ್ರಜ್ಞರನ್ನೂ ಒದಗಿಸಿದರು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಫೈಟರ್ ಇಲ್ಲಿ ಜೋಡಣೆಯಾಗಿ ಹಾರಿದವು. ಯುದ್ಧ ಹತ್ತಿರ ಬಂದಂತೆ ಹೊಸ ವಿಮಾನ ಕಟ್ಟುವುದಕ್ಕಿಂತ ಇರುವ ವಿಮಾನಗಳನ್ನು ಹಾರುವಂತೆ ಇಡುವುದು ತುರ್ತಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಬಂತು. 84ನೆಯ ಏರ್ ಡಿಪೋ ಎಂದು ಹೆಸರಾಯಿತು. ಅಲ್ಲಿ ಪೂರ್ತಿ ದುರಸ್ತಿಗೆ ಬಂದ ಮೊದಲನೆಯ ವಿಮಾನ ಒಂದು ಕ್ಯಾಟಲಿನಾ.

ಎರಡೂ ಸಮುದ್ರಗಳಿಂದ ಮುನ್ನೂರು ಕಿಲೋಮೀಟರ್ ಆಸುಪಾಸು ದೂರದ, ಸುಮಾರು 900 ಮೀಟರ್ ಎತ್ತರದ ಊರಿಗೆ ದೋಣಿ ಬರುವುದೆಲ್ಲಿಂದ? ಕೆರೆಯಿಂದ! ಕಾರ್ಖಾನೆಯ ಹತ್ತಿರದಲ್ಲೇ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯಿತ್ತು. ಚಕ್ರವಿಲ್ಲದ ಹಾರುವ ದೋಣಿಗಳಿಗೆ ಅದೇ ವಿಮಾನ ನಿಲ್ದಾಣವಾಯಿತು. ಇಂಥ ದೋಣಿಯನ್ನು ನೆಲಕ್ಕೆ ತರುವ ಪದ್ಧತಿ ಹೀಗೆ: ಅದು ನೀರಿನಲ್ಲಿರುವಾಗಲೇ ಎರಡು ಪಕ್ಕಕ್ಕೂ ಬಾಲಕ್ಕೂ ತಾತ್ಕಾಲಿಕ ಚಕ್ರಗಳನ್ನು ಸಿಕ್ಕಿಸಿ, ಇಳಿಜಾರಿನ ಮೇಲೆ ದಡಕ್ಕೆ ಎಳೆಯುತ್ತಾರೆ.

ಬೆಂಗಳೂರಿನ ಎತ್ತರದಿಂದ ಒಂದು ತೊಡಕೂ ಇದೆ. ಈ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇಕಡಾ 8ರಷ್ಟು ತೆಳು. ತೆಳುಗಾಳಿಯಲ್ಲಿ ಮೇಲೇಳಲು ಹೆಚ್ಚು ವೇಗ ಬೇಕು, ಹೆಚ್ಚು ಉದ್ದ ಓಡಬೇಕು. ಅದಕ್ಕೆ ಉದ್ದನೆಯ ಕೆರೆಯೇ ಆಗಬೇಕು. ಊರಿಗೆ ನೀರುಣಿಸಲು ಹಿಂದಿನವರು ಕಟ್ಟಿದ ಏರಿ ಹೀಗೆ ಯಾರೂ ಎಣಿಸದ ಇನ್ನೊಂದು ಕೆಲಸಕ್ಕೆ ಬಂತು.

ದುರಸ್ತಿ ಎಂದರೆ ಬರೀ ಎಣ್ಣೆ ಹಾಕಿ ಒರೆಸುವುದಲ್ಲ. ಕ್ಯಾಟಲಿನಾದ ಒಂದೊಂದು ಎಂಜಿನ್ನಿನಲ್ಲಿ 14 ಸಿಲಿಂಡರ್‌ಗಳು, ಎರಡು ಸುತ್ತಿನಲ್ಲಿ ಏಳೇಳು. ಇಂಥ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ತೊಳೆದು, ಸವೆತವನ್ನು ಕೂದಲೆಳೆಯ ಅಳತೆಯಲ್ಲಿ ಅಳೆದು, ಬಿರುಕು ಹುಡುಕಿ, ಹಳತನ್ನು ತೆಗೆದು ಹೊಸದು ಹಾಕಿ, ಮತ್ತೆ ಜೋಡಿಸಿ ಓಡಿಸಿ ನೋಡಬೇಕು. ನಟ್ಟುಗಳು ಅದುರಿ ಸಡಿಲವಾಗದಂತೆ ಸಣ್ಣ ತಂತಿಯಿಂದ ಬಿಗಿಯಬೇಕು. ಒಡಲು ಅಲ್ಯೂಮಿನಿಯಂ ತಗಡಿನದು. ಉಪ್ಪುನೀರು ಅದನ್ನು ತಿನ್ನುತ್ತದೆ. ಸಿಹಿನೀರಿನಲ್ಲಿ ತೊಳೆದು, ತಿಂದುಹೋದ ತಗಡನ್ನು ಕತ್ತರಿಸಿ, ಹೊಸ ತಗಡಿಗೆ ರಿವೆಟ್ ಹೊಡೆಯಬೇಕು. ಒಬ್ಬ ಹೊರಗಿನಿಂದ ಬಡಿಯುತ್ತಾನೆ; ಒಳಗೆ ಮುದುಡಿ ಕುಳಿತ ಇನ್ನೊಬ್ಬ ಕಬ್ಬಿಣದ ತುಂಡನ್ನು ಒತ್ತಿ ಹಿಡಿಯುತ್ತಾನೆ. ರೆಕ್ಕೆಯ ಹಿಂಭಾಗಕ್ಕೆ ಬಟ್ಟೆಯ ಹೊದಿಕೆ. ಹರಿದಿದ್ದರೆ ಅದನ್ನೂ ಬದಲಿಸಬೇಕು.

ಈ ಕೆಲಸದಲ್ಲಿ ಸಾವಿರಾರು ಮಂದಿ ಪಳಗಿದರು. ಯುದ್ಧ ಮುಗಿಯುವ ಹೊತ್ತಿಗೆ ಬೆಂಗಳೂರಿನ ಕಾರ್ಖಾನೆ ಪೂರ್ವ ದೇಶಗಳ ಅತಿ ದೊಡ್ಡ ವಿಮಾನ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿತ್ತು. ಅಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ. ಸ್ವಾತಂತ್ರ್ಯದ ನಂತರ, ಅಮೆರಿಕದವರು ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಇಲ್ಲಿಗೆ ತಂದು ರಿಪೇರಿ ಮಾಡಿ ನಮ್ಮ ವಾಯುಪಡೆಗೆ ಕೊಟ್ಟರು. ಅವು 1968ರ ತನಕ ಹಾರಿದವು. ಕ್ಯಾಟಲಿನಾದಂತೆ ಲಿಬರೇಟರ್ ಕೂಡ ಕನ್ಸಾಲಿಡೇಟೆಡ್ ಕಂಪನಿಯದೇ. 1951ರಲ್ಲಿ ನಮ್ಮವರೇ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. 1964ರಲ್ಲಿ ಸಂಸ್ಥೆಯ ಹೆಸರು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು.

ನಿಮ್ಮ ಊರಿನ ಏರಿಯ ಮೇಲೆ

ವಿದ್ಯಾರ್ಥಿ ಮಿತ್ರರೇ, ಯುದ್ಧದ ಕಥೆ ಓದುವಾಗ ನಮ್ಮ ಕಣ್ಣು ಸಹಜವಾಗಿ ವೇಗದ ವಿಮಾನಗಳ ಮೇಲೆ, ಪದಕಗಳ ಮೇಲೆ ನಿಲ್ಲುತ್ತದೆ. ಆದರೆ ಕವಿಯೆಂಗ್ ಬಂದರಿನಲ್ಲಿ ಹದಿನೈದು ಮಂದಿ ಉಳಿಯಬೇಕಾದರೆ ಒಬ್ಬರ ಬೆನ್ನಿಗೆ ಇನ್ನೊಬ್ಬರು ಬೇಕಾಯಿತು. ತೆಪ್ಪದಲ್ಲಿದ್ದವರಿಗೆ ದೋಣಿ, ದೋಣಿಗೆ ಫೈಟರ್‌ಗಳು, ಫೈಟರ್‌ಗಳಿಗೆ ಓಡುದಾರಿ, ಈ ಎಲ್ಲ ಯಂತ್ರಗಳಿಗೆ ಯಾರೂ ಹೆಸರು ಕೇಳದ ಮೆಕ್ಯಾನಿಕ್. ಬೆಂಗಾವಲು ಎಂಬ ಮಾತಿನಲ್ಲಿ ‘ಬೆನ್ನು’ ಇರುವುದು ಅದಕ್ಕೇ. ಕಾಯುವವನು ಕಾಯಿಸಿಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಬೆಳ್ಳಂದೂರು ಕೆರೆ. ನಗರದ ಕೊಳೆನೀರು ದಶಕಗಳ ಕಾಲ ಹರಿದು ಅದರ ಮೇಲೆ ನೊರೆ ಗುಡ್ಡೆಗಟ್ಟಿತು. 2015ರಲ್ಲಿ ನೊರೆಗೆ ಬೆಂಕಿ ಹತ್ತಿತು. 2017, 2018ರಲ್ಲೂ ಕೆರೆಯಂಗಳ ಹೊತ್ತಿ ಉರಿಯಿತು. ಒಂದು ಕಾಲಕ್ಕೆ ಸಾಗರದ ದೋಣಿಗಳಿಗೆ ಆಸರೆ ಕೊಟ್ಟ ನೀರಿಗೆ ಯಾರೂ ಕಾವಲಿರಲಿಲ್ಲ.

ಈ ಭಾನುವಾರ ನೀವೊಂದು ಕೆಲಸ ಮಾಡಬಹುದು. ನಾಲ್ಕು ಮಂದಿ ಗೆಳೆಯರು ಸೇರಿ ಕೆರೆಯ ಏರಿಯ ಮೇಲೆ ನಡೆಯಿರಿ. ಏರಿಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯಿರಿ. ನೀರು ಎಷ್ಟು ದೂರ ಹಬ್ಬಿದೆ, ಹೂಳು ಎಲ್ಲಿ ತುಂಬಿದೆ, ನೀರು ಬರುವ ಹಳ್ಳ ತೆರೆದಿದೆಯೇ ಮುಚ್ಚಿದೆಯೇ ಎಂದು ಗುರುತು ಹಾಕಿಕೊಳ್ಳಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಒಂದು ಕ್ಯಾಟಲಿನಾ ಇಳಿಯುವುದಾದರೆ ಯಾವ ದಿಕ್ಕಿನಿಂದ ಬರಬೇಕು, ಓಡಲು ಜಾಗ ಸಾಕೇ ಎಂದು ನಿಮ್ಮೊಳಗೇ ಚರ್ಚೆ ಮಾಡಿ. ವಿಮಾನ ಬರಲಿಕ್ಕಿಲ್ಲ. ಆದರೆ ಆ ಲೆಕ್ಕ ಹಾಕುವಷ್ಟರಲ್ಲಿ ನಿಮ್ಮೂರಿನ ಕೆರೆಯ ಬಗ್ಗೆ ನಿಮಗೆ ಬೇಕಾದಷ್ಟು ತಿಳಿದಿರುತ್ತದೆ, ಅದರ ಬೆನ್ನಿಗೆ ಯಾರಿದ್ದಾರೆ ಎಂಬುದೂ ಸೇರಿದಂತೆ.